ರಾತ್ರಿ 12ಕ್ಕೆ ಪಾಲಿಸಿ ಮುಗೀತೈತಿ, ಮುಂಜಾನೆ ಗಾಡಿ ರಸ್ತೆಗಿಳೀತೈತಿ: ವಿಮೆ ನವೀಕರಣ ಮರೆತರೆ ಏನಾಗುತ್ತದೆ?

ಗೋಕಾಕ: ‘ಇನ್ಶೂರೆನ್ಸ್ ಮುಗದು ಎರಡ ದಿನ ಆಗೈತಿ, ಸಂತಿ ಮುಗಿಸ್ಕೊಂಡ ಬಂದು ಮಾಡ್ಸಿದ್ರಾತು ಬಿಡ್ರಿ.’ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವುದೇ ಆನ್‌ಲೈನ್ ಸೆಂಟರ್‌ನಲ್ಲಿ ಅರ್ಧ ತಾಸು ಕುಳಿತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಲೈಟ್ ಬಿಲ್ ತಡವಾದರೆ ದಂಡ ಕಟ್ಟಿದರಾಯಿತು. ಎಲ್‌ಐಸಿ ಪಾಲಿಸಿಯ ವಾರ್ಷಿಕ ಕಂತು ತಡವಾದರೆ 30 ದಿನ ರಿಯಾಯಿತಿ ಇರುತ್ತದೆ, ಆ 30 ದಿನದಲ್ಲಿ ಏನಾದರೂ ಆದರೂ ರಕ್ಷಣೆ ಸಿಗುತ್ತದೆ. ಇದೇ ರೂಢಿಯಲ್ಲಿ ಜನ ಗಾಡಿ ವಿಮೆಯನ್ನೂ ನೋಡುತ್ತಾರೆ. ಸಮಸ್ಯೆ ಶುರುವಾಗುವುದೇ ಅಲ್ಲಿಂದ.

ಗಾಡಿ ವಿಮೆಗೆ ರಿಯಾಯಿತಿ ದಿನ ಅನ್ನುವುದೇ ಇಲ್ಲ. ಪಾಲಿಸಿಯಲ್ಲಿ ಬರೆದ ಕೊನೆಯ ದಿನದ ಮಧ್ಯರಾತ್ರಿಗೆ ಅದು ಮುಗಿಯುತ್ತದೆ. ಮರುದಿನ ನಸುಕಿನಲ್ಲಿ ಪಂಢರಪುರಕ್ಕೋ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ ಹೊರಟ ಗಾಡಿ, ಕಾನೂನಿನ ಕಣ್ಣಿನಲ್ಲಿ ವಿಮೆಯೇ ಇಲ್ಲದ ಗಾಡಿ. ದಾರಿಯಲ್ಲಿ ಫೋನ್‌ನಲ್ಲೇ ಹಣ ಕಟ್ಟಿದರೂ, ಕಟ್ಟಿದ ನಂತರದ ಹೊತ್ತಿಗೆ ಮಾತ್ರ ರಕ್ಷಣೆ. ಅದಕ್ಕಿಂತ ಮೊದಲು ನಡೆದದ್ದಕ್ಕೆ ಕಂಪನಿ ಹೊಣೆಯಲ್ಲ. ಪ್ರೀಮಿಯಂ ಕೈಸೇರದೆ ಹೊಣೆ ಶುರುವಾಗುವುದಿಲ್ಲ ಎಂದು ವಿಮಾ ಕಾಯ್ದೆಯ 64-ವಿಬಿ ಕಲಮೇ ಹೇಳುತ್ತದೆ.

ಮುಂಜಾನೆ ಅಪಘಾತ, ಸಂಜೆ ವಿಮೆ

ಒಂದು ದಿನವಲ್ಲ, ಕೆಲವು ತಾಸಿನ ಅಂತರವೂ ಎಷ್ಟು ದುಬಾರಿ ಆಗಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟ್‌ವರೆಗೆ ಹೋದ ಎರಡು ಪ್ರಕರಣಗಳಿವೆ. ಅಪಘಾತ ಪರಿಹಾರದ ಕೇಸು ನಡೆಸುವ ವಕೀಲರಿಗೆ ಇವೆರಡೂ ಪರಿಚಿತ.

ಮೊದಲನೆಯದರಲ್ಲಿ ಗಾಡಿಯ ವಿಮೆ 1984ರ ಆಗಸ್ಟ್ 31ಕ್ಕೆ ಮುಗಿದಿತ್ತು. ಮಾಲೀಕ ಸೆಪ್ಟೆಂಬರ್ 28ಕ್ಕೆ ಹೊಸ ಪಾಲಿಸಿ ಮಾಡಿಸಿದ. ಅಪಘಾತವೂ ಅದೇ ದಿನ ಆಯಿತು. ಪಾಲಿಸಿಯಲ್ಲಿ ವೇಳೆ ಬರೆದಿರಲಿಲ್ಲ, ತಾರೀಖು ಮಾತ್ರ ಇತ್ತು. ಹಾಗಿದ್ದಾಗ ಪಾಲಿಸಿ ಆ ದಿನದ ಆರಂಭದಿಂದಲೇ ಜಾರಿಯಲ್ಲಿದೆ ಎಂದು ಹಿಡಿಯಬೇಕು ಅಂತ 1990ರಲ್ಲಿ ಕೋರ್ಟ್ ಹೇಳಿತು. ಮಾಲೀಕ ಬಚಾವಾದ.

ಎರಡನೆಯದು ಗುಜರಾತಿನದು. 1983ರ ಅಕ್ಟೋಬರ್ 25ರಂದು ಮುಂಜಾನೆ 11 ಗಂಟೆ ದಾಟಿದ ಮೇಲೆ ಅಪಘಾತ ಆಯಿತು. ಅದೇ ದಿನ ಸಂಜೆ 4 ಗಂಟೆಗೆ ವಿಮೆ ನವೀಕರಣ ಆಯಿತು. ಈ ಪಾಲಿಸಿಯಲ್ಲಿ ‘ಸಂಜೆ 4 ಗಂಟೆ’ ಎಂದು ವೇಳೆ ಸ್ಪಷ್ಟವಾಗಿ ನಮೂದಾಗಿತ್ತು. ವೇಳೆ ಬರೆದಿದ್ದರೆ ಆ ವೇಳೆಯಿಂದಷ್ಟೇ ವಿಮೆ ಎಂದಿತು ಸುಪ್ರೀಂ ಕೋರ್ಟ್. ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಎಂದಾಯಿತು. ಮಾಲೀಕನಿಗೆ ಮುಳುವಾದದ್ದು ಐದು ತಾಸಿಗೂ ಕಡಿಮೆ ಅಂತರ.

ಈಗಿನ ಪಾಲಿಸಿಗಳೆಲ್ಲ ಕಂಪ್ಯೂಟರಿನಿಂದ ಬರುವಂಥವು. ಅದರಲ್ಲಿ ಗಂಟೆ, ನಿಮಿಷ ತಾನಾಗಿಯೇ ಅಚ್ಚಾಗಿರುತ್ತದೆ. ಅಂದ್ರ, ಮೊದಲಿನ ಪ್ರಕರಣದ ಮಾಲೀಕನಿಗೆ ಸಿಕ್ಕ ಅದೃಷ್ಟ ಈಗ ಯಾರಿಗೂ ಸಿಗುವ ಸಾಧ್ಯತೆ ಕಡಿಮೆ. ‘ಅಪಘಾತ ಆದ ಮ್ಯಾಲ ಲಗೂನ ಇನ್ಶೂರೆನ್ಸ್ ಹೊಡಸ್ರಿ’ ಎಂದು ಸಲಹೆ ಕೊಡುವವರು ಇದನ್ನು ತಿಳಿದಿದ್ದರೆ ಒಳ್ಳೆಯದು. ಅದು ಉಪಯೋಗಕ್ಕೂ ಬರುವುದಿಲ್ಲ, ಮೇಲೆ ಮೋಸದ ಕೇಸಿಗೂ ದಾರಿ.

ದಂಡ 2,000, ಅಸಲು ಹೊರೆ ಬೇರೆ

ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ರಸ್ತೆಗಿಳಿಯುವ ಪ್ರತಿ ಗಾಡಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲದಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. 2019ರ ಸೆಪ್ಟೆಂಬರ್ 1ರಿಂದ ಈ ದರ ಇದೆ. ಜನ ಹೆದರುವುದು ಇದಕ್ಕೇ. ಪೊಲೀಸರು ನಿಂತಿದ್ದಾರಾ ಇಲ್ಲವಾ ನೋಡಿಕೊಂಡು ಬೇರೆ ದಾರಿ ಹಿಡಿಯುವುದೂ ಇದಕ್ಕೇ.

ಆದರೆ ದಂಡ ಇಲ್ಲಿ ಸಣ್ಣ ಮಾತು. ವಿಮೆ ಜಾರಿಯಲ್ಲಿಲ್ಲದ ಬೈಕ್ ಒಬ್ಬರಿಗೆ ಬಡಿದು ಆ ವ್ಯಕ್ತಿ ತೀರಿಕೊಂಡರೆ, ಅಪಘಾತ ಪರಿಹಾರ ನ್ಯಾಯಮಂಡಳಿ ಮೃತರ ವಯಸ್ಸು, ದುಡಿಮೆ, ಅವಲಂಬಿತರನ್ನು ನೋಡಿ ಪರಿಹಾರ ನಿಗದಿ ಮಾಡುತ್ತದೆ. ದುಡಿಯುವ ವಯಸ್ಸಿನವರಾದರೆ ಅದು ಹಲವು ಲಕ್ಷ ದಾಟುತ್ತದೆ. ಲೈಸೆನ್ಸ್ ಇಲ್ಲದ್ದು ಮುಂತಾದ ಷರತ್ತು ಮುರಿದ ಪ್ರಕರಣಗಳಲ್ಲಿ ‘ಕಂಪನಿ ಮೊದಲು ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ’ ಎಂದು ಕೋರ್ಟ್ ಹೇಳುವುದುಂಟು. ಪಾಲಿಸಿಯೇ ಇಲ್ಲದಿದ್ದರೆ ಆ ದಾರಿಯೂ ಮುಚ್ಚಿದಂತೆ. ಪೂರ್ತಿ ಹಣ ಮಾಲೀಕನ ತಲೆ ಮೇಲೆ. ಗಾಡಿ ಓಡಿಸಿದವನು ತಮ್ಮನೋ ಗೆಳೆಯನೋ ಆಗಿರಬಹುದು, ಆರ್‌ಸಿ ಯಾರ ಹೆಸರಲ್ಲಿದೆಯೋ ಅವರಿಗೂ ನೋಟಿಸ್ ಬರುತ್ತದೆ. ಹೊಲ, ಮನೆ, ಅಂಗಡಿ ಯಾವುದರ ಮೇಲಾದರೂ ವಸೂಲಿ ಬರಬಹುದು.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಸಾವು ಅಥವಾ ಗಾಯ ಆದ ಅಪಘಾತದಲ್ಲಿ ವಿಮೆಯಿಲ್ಲದ ಗಾಡಿ ಜಪ್ತಿಯಾದರೆ, ಸಾಕಷ್ಟು ಭದ್ರತೆ ಕೊಡದೆ ಅದನ್ನು ಬಿಡಬಾರದು, ಮೂರು ತಿಂಗಳಲ್ಲಿ ಭದ್ರತೆ ಕೊಡದಿದ್ದರೆ ಹರಾಜು ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ದುಡಿಮೆಯ ಗಾಡಿಯಾಗಿದ್ದರೆ ಅಂದಿನಿಂದ ಗಳಿಕೆಯೂ ಬಂದ್.

ಇಷ್ಟೆಲ್ಲ ತಪ್ಪಿಸಲು ಬೇಕಾದದ್ದು ಎಷ್ಟು? 2022ರ ಜೂನ್ 1ರಂದು ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿ ಬೈಕಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 714 ರೂಪಾಯಿ. 1,000 ಸಿಸಿ ಒಳಗಿನ ಸ್ವಂತ ಕಾರಿಗೆ 2,094, ಅಲ್ಲಿಂದ 1,500 ಸಿಸಿವರೆಗೆ 3,416. ಮೇಲೆ ಜಿಎಸ್‌ಟಿ. ಈ ದರವನ್ನು ಕಂಪನಿಗಳಲ್ಲ, ಸರ್ಕಾರ ನಿಗದಿ ಮಾಡುತ್ತದೆ. ಹಾಗಾಗಿ ಥರ್ಡ್ ಪಾರ್ಟಿಯನ್ನು ‘ನಮ್ಮಲ್ಲಿ ಅರ್ಧ ರೇಟಿಗೆ ಮಾಡಿಕೊಡ್ತೀವಿ’ ಎನ್ನುವವರು ಕೊಡುವ ಕಾಗದವನ್ನು ಎರಡು ಸಲ ನೋಡಬೇಕು.

ಮರೆವು ಅಲ್ಲ, ಫೋನ್ ನಂಬರಿನ ತಪ್ಪು

ಪಾಲಿಸಿ ಮುಗಿಯುವ ಮೊದಲು ಕಂಪನಿಗಳು ಮೆಸೇಜ್ ಕಳಿಸುತ್ತವೆ. ಆದರೆ ನಮ್ಮ ಕಡೆ ಬಹಳಷ್ಟು ಪಾಲಿಸಿಗಳಲ್ಲಿ ಇರುವ ಮೊಬೈಲ್ ನಂಬರ್ ಗಾಡಿ ಮಾಲೀಕರದ್ದೇ ಅಲ್ಲ. ಶೋರೂಂನವರದ್ದೋ, ಏಜೆಂಟರದ್ದೋ, ಅರ್ಜಿ ತುಂಬಿಕೊಟ್ಟ ಆನ್‌ಲೈನ್ ಸೆಂಟರಿನ ಹುಡುಗನದ್ದೋ ಇರುತ್ತದೆ. ನೂರಾರು ಗಿರಾಕಿಗಳ ಮೆಸೇಜ್ ಒಬ್ಬರ ಫೋನಿಗೆ ಬಂದರೆ ಅವರಾದರೂ ಎಷ್ಟಂತ ತಿಳಿಸ್ಯಾರು? ಮಾಲೀಕರಿಗೆ ಸುದ್ದಿಯೇ ಇರುವುದಿಲ್ಲ. ಇದನ್ನು ಮರೆವು ಅನ್ನಲಾಗದು. ಪಾಲಿಸಿ ಪ್ರತಿ ತೆಗೆದು ಅದರಲ್ಲಿರುವ ನಂಬರ್ ನಿಮ್ಮದೇ ಹೌದೋ ಅಲ್ಲೋ ಇವತ್ತೇ ನೋಡ್ರಿ. ಬೇರೆಯವರದ್ದಿದ್ದರೆ ಕಂಪನಿಗೆ ಹೇಳಿ ಬದಲಿಸಬಹುದು.

ಎರಡನೇ ಗೊಂದಲ ಹೊಸ ಗಾಡಿಗಳದ್ದು. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ತೆಗೆದುಕೊಳ್ಳುವುದು ಕಡ್ಡಾಯವಾಯಿತು. ‘ನಂದು ಐದ ವರ್ಷದ್ದು ಐತಿ’ ಎಂದು ಮಾಲೀಕರು ನಿಶ್ಚಿಂತರಾಗಿರುತ್ತಾರೆ. ಆದರೆ ಸ್ವಂತ ಗಾಡಿಯ ಹಾನಿ ಮತ್ತು ಕಳವಿಗೆ ಇರುವ ಭಾಗ, ಅಂದರೆ ಓನ್ ಡ್ಯಾಮೇಜ್, ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಮುಗಿದಿರುತ್ತದೆ. ಒಂದೇ ಕಾಗದದಲ್ಲಿ ಎರಡು ಕೊನೆಯ ತಾರೀಖು ಇರುತ್ತವೆ. ಸಣ್ಣ ಅಕ್ಷರದ್ದನ್ನು ಯಾರೂ ನೋಡುವುದಿಲ್ಲ. ಗಾಡಿ ಕಳವಾದಾಗ ಅದು ಕಣ್ಣಿಗೆ ಬೀಳುತ್ತದೆ.

ಇನ್ನು ಹಳೆಯ ಗಾಡಿ ಕೊಂಡವರು. ಆರ್‌ಸಿ ಹೆಸರು ಬದಲಾಗಿರುತ್ತದೆ, ಪಾಲಿಸಿ ಮಾತ್ರ ಹಿಂದಿನ ಮಾಲೀಕನ ಹೆಸರಿನಲ್ಲೇ ಓಡುತ್ತಿರುತ್ತದೆ. ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆ ಹೊಸ ಮಾಲೀಕನಿಗೆ ಬರುತ್ತದೆ. ಓನ್ ಡ್ಯಾಮೇಜ್ ಹಾಗಲ್ಲ. ಗಾಡಿ ವರ್ಗವಾದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಬೇಕು. ನವೀಕರಣದ ಮೆಸೇಜ್ ಕೂಡ ಹಳೆಯ ಮಾಲೀಕನಿಗೇ ಹೋಗುತ್ತದೆ. ಗಾಡಿ ಮಾರಿದವನು ಅದನ್ನು ಯಾಕೆ ನೋಡ್ತಾನ?

ಲೋಳಸೂರ ಸೇತುವೆ ಮತ್ತು ಓನ್ ಡ್ಯಾಮೇಜ್

ನಮ್ಮ ಭಾಗಕ್ಕೆ ಈ ವಿಷಯ ಬೇರೆ ಊರಿಗಿಂತ ಹೆಚ್ಚು ಮುಖ್ಯವಾಗುವುದು ಮಳೆಗಾಲದಿಂದ. ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗ, ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ಜೊತೆಗೂಡಿದಾಗ ಘಟಪ್ರಭಾ ಏನು ಮಾಡುತ್ತಾಳೆ ಎಂಬುದನ್ನು ಗೋಕಾಕದವರಿಗೆ ಹೇಳಿಕೊಡಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ನದಿ ದಂಡೆಯ ಗಲ್ಲಿಗಳು, ಅಂಗಡಿಗಳು ಮುಳುಗಿದವು. ಲೋಳಸೂರ ಸೇತುವೆ ಮೇಲೆ ನೀರು ಬಂತು. 2021ರಲ್ಲೂ 2024ರ ಜುಲೈನಲ್ಲೂ ಊರು ಮತ್ತೆ ನೀರು ಕಂಡಿತು. ಸಂಕೇಶ್ವರದ ಕಡೆ ಹಿರಣ್ಯಕೇಶಿಯದ್ದೂ ಇದೇ ಕಥೆ.

ನೆರೆ ನೀರಿನಲ್ಲಿ ನಿಂತು ಹಾಳಾದ ಬೈಕ್, ಕಾರು, ಟೆಂಪೊಗೆ ಥರ್ಡ್ ಪಾರ್ಟಿ ವಿಮೆಯಿಂದ ಒಂದು ಪೈಸೆ ಬರುವುದಿಲ್ಲ. ಅದು ಬೇರೆಯವರಿಗಾದ ಹಾನಿಗೆ ಮಾತ್ರ. ನೆರೆ, ಬಿರುಗಾಳಿ, ಗುಡ್ಡ ಕುಸಿತ, ಬೆಂಕಿ, ಕಳವು ಇವೆಲ್ಲ ಬರುವುದು ಓನ್ ಡ್ಯಾಮೇಜ್ ಅಥವಾ ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಪಾಲಿಸಿಯಲ್ಲಿ. ಅದರ ಕೊನೆಯ ತಾರೀಖು ಜೂನ್, ಜುಲೈ, ಆಗಸ್ಟ್‌ನಲ್ಲಿ ಬರುವಂತಿದ್ದರೆ ಅಂಥವರು ಮೇ ತಿಂಗಳಿನಿಂದಲೇ ಎಚ್ಚರ ಇರಬೇಕು. ತಾರೀಖು ದಾಟಿದ ಮೇಲೆ ಓನ್ ಡ್ಯಾಮೇಜ್ ಮಾಡಿಸಲು ಹೋದರೆ ಕಂಪನಿಯವರು ಗಾಡಿ ತಪಾಸಣೆ ಕೇಳುತ್ತಾರೆ. ಫೋಟೊ, ವಿಡಿಯೊ ಕಳಿಸಬೇಕು ಅಥವಾ ಅವರ ಮನುಷ್ಯ ಬಂದು ನೋಡಬೇಕು. ಗಾಡಿ ಆಗಲೇ ನೀರಿನಲ್ಲಿದ್ದರೆ ಏನನ್ನು ತೋರಿಸುತ್ತೀರಿ?

ಫುಲ್ ಇನ್ಶೂರೆನ್ಸ್ ಇದ್ದವರಿಗೂ ಒಂದು ಮಾತು. ನೀರು ಹೊಕ್ಕ ಗಾಡಿಗೆ ಸೆಲ್ಫ್ ಹೊಡಿಬ್ಯಾಡ್ರಿ, ಕಿಕ್ ಹೊಡಿಬ್ಯಾಡ್ರಿ. ಎಂಜಿನ್ ಒಳಗೆ ನೀರು ಇರುವಾಗ ಚಾಲೂ ಮಾಡಿದರೆ ಪಿಸ್ಟನ್ ನೀರನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಒಡೆಯುತ್ತದೆ. ‘ಇದು ನೆರೆಯಿಂದ ಆದದ್ದಲ್ಲ, ನೀವು ಚಾಲೂ ಮಾಡಿದ್ದರಿಂದ ಆದದ್ದು’ ಎಂದು ಕಂಪನಿಗಳು ಎಂಜಿನ್ ಖರ್ಚು ತಳ್ಳಿಹಾಕುತ್ತವೆ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಸಿಗುತ್ತದೆ, ಅದಕ್ಕೆ ಬೇರೆ ಪ್ರೀಮಿಯಂ. ನದಿ ದಂಡೆಯಲ್ಲಿ ಕಾರು ನಿಲ್ಲಿಸುವವರು ನವೀಕರಣದ ಹೊತ್ತಿಗೆ ಅದನ್ನು ಕೇಳುವುದು ಯೋಗ್ಯ. ಗಾಡಿಯನ್ನು ಎಳೆದು ತಂದು, ಫೋಟೊ ತೆಗೆದು, ಕಂಪನಿಗೆ ತಿಳಿಸಿ, ಆಮೇಲೆ ಮೆಕ್ಯಾನಿಕ್ ಹತ್ತಿರ ಹೋಗಬೇಕು.

ತಡ ಮಾಡಿದರೆ ಇನ್ನೊಂದು ನಷ್ಟವೂ ಇದೆ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದು ವರ್ಷಕ್ಕೆ ಶೇ 50 ರಿಯಾಯಿತಿ ಸಿಗುತ್ತದೆ. ಇದೇ ನೋ ಕ್ಲೇಮ್ ಬೋನಸ್. ಪಾಲಿಸಿ ಮುಗಿದು 90 ದಿನ ದಾಟಿದರೆ ಇದು ಪೂರ್ತಿ ಹೋಗುತ್ತದೆ, ಮತ್ತೆ ಸೊನ್ನೆಯಿಂದ ಶುರು. ಓನ್ ಡ್ಯಾಮೇಜ್ ಪ್ರೀಮಿಯಂ 8,000 ರೂಪಾಯಿ ಎಂದು ಹಿಡಿಯಿರಿ, ಐದು ವರ್ಷ ಕಾಪಾಡಿಕೊಂಡ ಬೋನಸ್ ಹೋದರೆ ಆ ವರ್ಷವೇ 4,000 ಹೆಚ್ಚು ಕಟ್ಟಬೇಕಾಗುತ್ತದೆ. ಈ ಬೋನಸ್ ಗಾಡಿಯದಲ್ಲ, ಮಾಲೀಕನದು. ಹಳೆ ಕಾರು ಮಾರಿ ಹೊಸದು ಕೊಳ್ಳುವಾಗ ಹಳೆ ಕಂಪನಿಯಿಂದ ಪತ್ರ ತಂದರೆ ಹೊಸ ಕಾರಿಗೆ ಹಾಕಿಸಿಕೊಳ್ಳಬಹುದು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ಕಬ್ಬಿನ ಟ್ರ್ಯಾಕ್ಟರ್ ಮತ್ತು ಜಾತ್ರೆ

ಟ್ರ್ಯಾಕ್ಟರ್ ಮಾಲೀಕರದ್ದು ಬೇರೆ ಲೆಕ್ಕ. ಘಟಪ್ರಭಾ, ಹಿರಣ್ಯಕೇಶಿ ಮುಂತಾದ ಕಾರ್ಖಾನೆಗಳಿಗೆ ಕಬ್ಬು ಸಾಗಿಸುವ ಹಂಗಾಮು ಮುಗಿದ ಮೇಲೆ ಟ್ರ್ಯಾಕ್ಟರ್ ಹೊಲ, ಮನೆ ನಡುವೆ ಅಷ್ಟೇ ಓಡಾಡುತ್ತದೆ. ಆ ಹೊತ್ತಿನಲ್ಲಿ ವಿಮೆ ಮುಗಿದರೆ ‘ಹಂಗಾಮಿಗೆ ಮಾಡ್ಸೂನು’ ಎಂದು ಬಿಡುತ್ತಾರೆ. ಹಂಗಾಮು ಶುರುವಾದಾಗ ಟೋಳಿ, ಅಡ್ವಾನ್ಸ್, ಟೈರು ಇವುಗಳ ಗದ್ದಲದಲ್ಲಿ ವಿಮೆ ಹಿಂದೆ ಬೀಳುತ್ತದೆ. ಹೊಲದಿಂದ ಮನೆಗೆ ಬರುವ ಎರಡು ಫರ್ಲಾಂಗ್ ದಾರಿಯೂ ಸಾರ್ವಜನಿಕ ರಸ್ತೆಯೇ ಆಗಿರುತ್ತದೆ ಎಂಬುದು ನೆನಪಿನಲ್ಲಿರಬೇಕು. ಟ್ರೇಲರ್‌ಗಳನ್ನೂ ಪಾಲಿಸಿಯಲ್ಲಿ ಸೇರಿಸಿ ಪ್ರೀಮಿಯಂ ಕಟ್ಟಿರಬೇಕು. ಡಬಲ್ ಟ್ರೇಲರ್ ಎಳೆಯುವವರು ಎರಡೂ ಸೇರಿವೆಯೇ ಎಂದು ನೋಡಿಕೊಳ್ಳಬೇಕು.

ಚಿಂಚಲಿ ಮಾಯಕ್ಕನ ಜಾತ್ರೆಗೆ ಟ್ರೇಲರ್‌ನಲ್ಲಿ ಜನ ತುಂಬಿಕೊಂಡು ಹೋಗುವುದು ಹಳೆಯ ರೂಢಿ. ಪಾಲಿಸಿ ತಾರೀಖು ಸರಿಯಿದ್ದರೂ ಇಲ್ಲಿ ರಕ್ಷಣೆ ಸಿಗುವುದು ಕಷ್ಟ. ಸರಕು ಗಾಡಿಯಲ್ಲಿ ಪುಕ್ಕಟೆ ಕುಳಿತು ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 20 ವರ್ಷದ ಹಿಂದೆಯೇ ಹೇಳಿದೆ. ಬಿಳಿ ಬೋರ್ಡಿನ ಸ್ವಂತ ಕ್ರೂಸರ್‌ನಲ್ಲಿ ಬಾಡಿಗೆ ಹೊಡೆಯುವಾಗಲೂ ಇದೇ ತರಹದ ತಕರಾರು ಬರುತ್ತದೆ. ಕುಟುಂಬ ಸಮೇತ ಬಾಡಿಗೆ ಗಾಡಿ ಹಿಡಿದು ಹೋಗುವವರು ಮಾಲೀಕರಿಗೆ ‘ಇನ್ಶೂರೆನ್ಸ್ ಚಾಲೂ ಐತೇನ್ರಿ ಅಣ್ಣಾರ?’ ಎಂದು ಒಂದು ಮಾತು ಕೇಳುವುದರಲ್ಲಿ ನಾಚಿಕೆಯಿಲ್ಲ. ಗಾಡಿ ನಂಬರ್ ಗೊತ್ತಿದ್ದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ತಾವೇ ನೋಡಬಹುದು. ಕೆಎ-49 ಇರಲಿ, ಮಹಾರಾಷ್ಟ್ರದ ಎಂಎಚ್ ಇರಲಿ, ವಿಮೆ ಎಲ್ಲಿಯವರೆಗೆ ಇದೆ ಎಂದು ಅಲ್ಲಿ ತೋರಿಸುತ್ತದೆ.

ಚಾಲಕ ತಾನೇ ಮಾಲೀಕನಾಗಿದ್ದರೆ ಅವನ ಜೀವಕ್ಕೆ ಇರುವುದು 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ರಕ್ಷಣೆ. ಗಾಡಿ ಪಾಲಿಸಿ ಜೊತೆಗೇ ಅದನ್ನು ತೆಗೆದುಕೊಂಡಿದ್ದರೆ ಪಾಲಿಸಿ ಮುಗಿದಾಗ ಅದೂ ಮುಗಿಯುತ್ತದೆ. ಮನೆಯವರಿಗೆ ಬರುವ ಹಣ ಇದು, ಹಾಗಾಗಿ ಪ್ರೀಮಿಯಂ ಕಡಿಮೆ ಮಾಡಲು ಇದನ್ನು ತೆಗೆಸುವುದು ಜಾಣತನ ಅಲ್ಲ.

ಮೇ ಕೊನೆಯ ವಾರದ 20 ರೂಪಾಯಿ

ಗಾಡಿ ಇಲ್ಲದವರೂ ಪ್ರಯಾಣ ಮಾಡುತ್ತಾರೆ. ಅಂಥವರಿಗೆ ಅತಿ ಅಗ್ಗದ ವಾರ್ಷಿಕ ವಿಮೆ ಎಂದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 2015ರ ಮೇ ತಿಂಗಳಲ್ಲಿ 12 ರೂಪಾಯಿಗೆ ಶುರುವಾಯಿತು, 2022ರ ಜೂನ್ 1ರಿಂದ 20 ರೂಪಾಯಿ. 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ 1 ಲಕ್ಷ. ಬಸ್ಸು, ರೈಲು, ಬೈಕು ಯಾವುದರಲ್ಲಿ ಆದರೂ ನಡೆಯುತ್ತದೆ.

ಇದರ ವರ್ಷ ಜೂನ್ 1ರಿಂದ ಮೇ 31. ಯಾರು ಯಾವಾಗ ಸೇರಿದರೂ ಮೇ 31ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಬ್ಯಾಂಕು ಮೇ 25ರಿಂದ 31ರ ನಡುವೆ ಖಾತೆಯಿಂದ ತಾನೇ ಹಣ ಮುರಿದುಕೊಳ್ಳುತ್ತದೆ. ಆ ಹೊತ್ತಿಗೆ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ರಕ್ಷಣೆ ನಿಲ್ಲುತ್ತದೆ. ಕೂಲಿ ಹಣ, ಪಿಂಚಣಿ ಹಣ ಬಂದ ದಿನವೇ ಪೂರ್ತಿ ತೆಗೆಯುವ ಖಾತೆಗಳಲ್ಲಿ ಇದು ಆಗುತ್ತದೆ. ಶಾಲೆಯ ಖರ್ಚು, ಬಿತ್ತನೆ ಬೀಜ, ಗೊಬ್ಬರ ಎಲ್ಲ ಒಟ್ಟಿಗೆ ಬರುವ ತಿಂಗಳೂ ಅದೇ. ಹಾಗಾಗಿ ಮೇ ಮೂರನೇ ವಾರ ಖಾತೆಯಲ್ಲಿ ಸ್ವಲ್ಪ ಹಣ ಉಳಿಸಿ, ಜೂನ್ ಮೊದಲ ವಾರ ಪಾಸ್‌ಬುಕ್ ಎಂಟ್ರಿ ಮಾಡಿಸಿ ಮುರಿದದ್ದು ಕಂಡಿತೋ ನೋಡಬೇಕು. ಮುರಿದಿಲ್ಲದಿದ್ದರೆ ಬ್ಯಾಂಕಿಗೆ ಹೋಗಿ ಮತ್ತೆ ಅರ್ಜಿ ಕೊಡಬಹುದು. ಎರಡು ಬ್ಯಾಂಕಿನಲ್ಲಿ ಎರಡು ಸಲ ಕಟ್ಟಿದರೆ ಎರಡು ಪಟ್ಟು ಸಿಗುವುದಿಲ್ಲ, ಒಬ್ಬರಿಗೆ ಒಂದೇ.

436 ರೂಪಾಯಿಯ ಜೀವನ್ ಜ್ಯೋತಿ ಯೋಜನೆಗೂ ಇದೇ ತಾರೀಖು. ಅಲ್ಲಿ ಒಂದು ಕಠಿಣ ನಿಯಮ ಇದೆ. ತಪ್ಪಿಸಿಕೊಂಡು ಮತ್ತೆ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ, ಕಾಯಿಲೆಯಿಂದ ಸತ್ತರೆ ಹಣ ಬರುವುದಿಲ್ಲ.

ರೈಲಿನದ್ದು ವಾರ್ಷಿಕ ವಿಮೆಯಲ್ಲ, ಆದರೂ ಹೇಳಬೇಕಾದದ್ದು. ಘಟಪ್ರಭಾ ಸ್ಟೇಷನ್‌ನಿಂದ ಹತ್ತುವವರು ಐಆರ್‌ಸಿಟಿಸಿಯಲ್ಲಿ ಟಿಕೆಟ್ ತೆಗೆಯುವಾಗ ಒಬ್ಬರಿಗೆ 45 ಪೈಸೆಯ ವಿಮೆ ಆಯ್ಕೆ ಇರುತ್ತದೆ. ರೈಲು ಅಪಘಾತದಲ್ಲಿ ಸಾವಿಗೆ 10 ಲಕ್ಷ ರೂಪಾಯಿ. ಕೌಂಟರ್‌ನಲ್ಲಿ ತೆಗೆದ ಟಿಕೆಟಿಗೆ ಇದು ಇಲ್ಲ. ಟಿಕೆಟ್ ಆದ ಮೇಲೆ ಬರುವ ಲಿಂಕ್‌ನಲ್ಲಿ ನಾಮಿನಿ ಹೆಸರು ತುಂಬಬೇಕು, ಬಹುತೇಕರು ಅಲ್ಲಿಗೆ ಬಿಟ್ಟುಬಿಡುತ್ತಾರೆ.

ಮಗನ ಹತ್ತಿರ ಅಮೆರಿಕಕ್ಕೆ ಹೋಗುವವರಿಗೆ

ಈಗ ತಾಲೂಕಿನ ಹಳ್ಳಿಗಳಿಂದಲೂ ಮಕ್ಕಳು ಅಮೆರಿಕ, ಯುರೋಪ್, ದುಬೈ ಸೇರಿದ್ದಾರೆ. ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಲು ತಂದೆ ತಾಯಿ ಹೋಗುತ್ತಾರೆ. ವ್ಯಾಪಾರಕ್ಕೆ ವರ್ಷಕ್ಕೆ ನಾಲ್ಕು ಸಲ ಹೋಗಿಬರುವವರೂ ಇದ್ದಾರೆ. ಪದೇ ಪದೇ ಹೋಗುವವರಿಗೆ ವರ್ಷಕ್ಕೊಮ್ಮೆ ಕಟ್ಟುವ ಪ್ರವಾಸ ವಿಮೆ ಇದೆ. ವರ್ಷದಲ್ಲಿ ಎಷ್ಟು ಸಲ ಹೋದರೂ ನಡೆಯುತ್ತದೆ, ಆದರೆ ಪ್ರತಿ ಪ್ರವಾಸಕ್ಕೆ 30 ದಿನ, 45 ದಿನ ಹೀಗೆ ಮಿತಿ ಇರುತ್ತದೆ. ಆರು ತಿಂಗಳು ಮಗನ ಮನೆಯಲ್ಲಿ ಇರುವವರಿಗೆ ಇದು ಸರಿಹೋಗುವುದಿಲ್ಲ, ಅವರು ಅಷ್ಟು ದಿನದ ಒಂಟಿ ಪ್ರವಾಸ ಪಾಲಿಸಿ ತೆಗೆದುಕೊಳ್ಳಬೇಕು.

ಈ ವಾರ್ಷಿಕ ಪಾಲಿಸಿಯಲ್ಲಿ ನವೀಕರಣ ಮರೆತರೆ ಆಗುವ ಪೇಚು ವಿಚಿತ್ರ. ಫೆಬ್ರುವರಿಯಲ್ಲಿ ಟಿಕೆಟ್ ತೆಗೆಯುವಾಗ ಪಾಲಿಸಿ ಚಾಲೂ ಇರುತ್ತದೆ. ಮಾರ್ಚ್ 20ಕ್ಕೆ ವಿಮಾನ ಹತ್ತುತ್ತಾರೆ, ಮಾರ್ಚ್ 31ಕ್ಕೆ ಪಾಲಿಸಿ ಮುಗಿಯುತ್ತದೆ, ವಾಪಸ್ ಬರುವುದು ಏಪ್ರಿಲ್ 10ಕ್ಕೆ. ಕೊನೆಯ ಹತ್ತು ದಿನ ರಕ್ಷಣೆ ಇರಬಹುದು, ಇಲ್ಲದಿರಬಹುದು, ಅದು ಆಯಾ ಕಂಪನಿಯ ಷರತ್ತು. ಅಲ್ಲಿಗೆ ಹೋದ ಮೇಲೆ ಹೊಸ ಪಾಲಿಸಿ ತೆಗೆಯಲು ಸಾಮಾನ್ಯವಾಗಿ ಬಿಡುವುದಿಲ್ಲ, ಪ್ರವಾಸ ಭಾರತದಿಂದಲೇ ಶುರುವಾಗಬೇಕು ಎನ್ನುತ್ತಾರೆ. ಅಮೆರಿಕದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇದ್ದರೂ ಬಿಲ್ ಲಕ್ಷದ ಲೆಕ್ಕದಲ್ಲೇ ಬರುತ್ತದೆ. ಟಿಕೆಟ್ ತೆಗೆದ ದಿನವೇ ವಾಪಸ್ ಬರುವ ತಾರೀಖನ್ನೂ ಪಾಲಿಸಿ ಮುಗಿಯುವ ತಾರೀಖನ್ನೂ ಒಂದೇ ಕಾಗದದ ಮೇಲೆ ಬರೆದು ನೋಡಿದರೆ ಈ ಪೇಚು ಕಣ್ಣಿಗೆ ಬೀಳುತ್ತದೆ. ಅಮೆರಿಕದ ವಿಸಿಟರ್ ವೀಸಾಕ್ಕೆ ವಿಮೆ ಕಡ್ಡಾಯವಲ್ಲ, ಅದಕ್ಕೇ ಬಹಳ ಜನ ಬಿಡುತ್ತಾರೆ. ಜರ್ಮನಿ, ಫ್ರಾನ್ಸ್ ಇರುವ ಷೆಂಗೆನ್ ದೇಶಗಳಿಗೆ ಕನಿಷ್ಠ 30,000 ಯೂರೊ ವೈದ್ಯಕೀಯ ರಕ್ಷಣೆಯಿಲ್ಲದೆ ವೀಸಾವೇ ಸಿಗುವುದಿಲ್ಲ.

ಊರಲ್ಲಿರುವ ಆರೋಗ್ಯ ವಿಮೆಯ ಮಾತೂ ಇಲ್ಲೇ ಬಂತು. ಬೆಳಗಾವಿ, ಮೀರಜ್ ಆಸ್ಪತ್ರೆಗಳಿಗೆ ಓಡುವ ನಮಗೆ ಅದು ಬೇಕೇ ಬೇಕು. ವರ್ಷದ ಕಂತಿಗೆ 30 ದಿನ ರಿಯಾಯಿತಿ ಸಿಗುತ್ತದೆ. ಹಳೆಯ ಕಾಯಿಲೆಗಳಿಗೆ ಕಾದ ವರ್ಷಗಳ ಲೆಕ್ಕ ಅದರಿಂದ ಉಳಿಯುತ್ತದೆ. ಆದರೆ ಹಣ ಕಟ್ಟದ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಖರ್ಚು ಸ್ವಂತದ್ದು.

ಮೊದಲೇ ಕಟ್ಟಿದರೆ ದಿನ ಲುಕ್ಸಾನ ಇಲ್ಲ

ಕೊನೆಯ ದಿನದವರೆಗೆ ಕಾಯುವುದಕ್ಕೆ ಜನ ಕೊಡುವ ಕಾರಣ ಒಂದೇ: ‘ಈಗ ಕಟ್ಟಿದ್ರ ಉಳದ ಹದಿನೈದ ದಿನ ಹೋಗತಾವು.’ ಹಾಗೇನಿಲ್ಲ. ಒಂದು ತಿಂಗಳು ಮೊದಲೇ ಕಟ್ಟಿದರೂ ಹೊಸ ಪಾಲಿಸಿ ಶುರುವಾಗುವುದು ಹಳೆಯದು ಮುಗಿದ ಕ್ಷಣದಿಂದಲೇ. ಒಂದು ದಿನವೂ ನಷ್ಟವಿಲ್ಲ. ಅಷ್ಟೇ ಅಲ್ಲ, ಬೇರೆ ಬೇರೆ ಕಂಪನಿಯ ದರ ಕೇಳಿ ನೋಡಲೂ ಸಮಯ ಸಿಗುತ್ತದೆ. ಕೊನೆಯ ದಿನ ಸರ್ವರ್ ಡೌನ್ ಆದರೆ, ಯುಪಿಐ ಪೆಂಡಿಂಗ್ ಬಿದ್ದರೆ, ಚೆಕ್ ಬೌನ್ಸ್ ಆದರೆ ಪಾಲಿಸಿ ಇಲ್ಲದಂತೆಯೇ.

ನೆನಪಿಗೆ ದೊಡ್ಡ ಉಪಾಯ ಬೇಕಿಲ್ಲ. ಅಂಗಡಿಯಲ್ಲಿ ತೂಗುಹಾಕುವ ಕ್ಯಾಲೆಂಡರಿನಲ್ಲಿ ಕೊನೆಯ ತಾರೀಖಿಗೆ ಅಲ್ಲ, ಅದಕ್ಕೂ 15 ದಿನ ಮೊದಲಿನ ಚೌಕದಲ್ಲಿ ಗಾಡಿ ನಂಬರ್ ಬರೆಯಬೇಕು. ವರ್ಷ ಮುಗಿದು ಹೊಸ ಕ್ಯಾಲೆಂಡರ್ ಬಂದಾಗ ಹಳೆಯದರಿಂದ ಗುರುತುಗಳನ್ನು ದಾಟಿಸಿಕೊಳ್ಳಬೇಕು. ಫೋನಿನಲ್ಲಿ ಅಲಾರ್ಮ್ ಇಡುವವರು ಮನೆಯ ಇನ್ನೊಬ್ಬರ ಫೋನಿನಲ್ಲೂ ಇಟ್ಟರೆ ಒಳ್ಳೆಯದು. ಮೂರ್ನಾಲ್ಕು ಗಾಡಿ ಇರುವ ಮನೆಗಳಲ್ಲಿ, ಸರಕು ತರುವ ಟೆಂಪೊ ಇಟ್ಟುಕೊಂಡ ಅಂಗಡಿಗಳಲ್ಲಿ, ವಿಮೆಯ ಜೊತೆಗೆ ಎಫ್‌ಸಿ, ಪರ್ಮಿಟ್ ಮತ್ತು ತೆರಿಗೆಯ ತಾರೀಖುಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಗಲ್ಲಾ ಪೆಟ್ಟಿಗೆ ಮುಚ್ಚಳದ ಒಳಗೆ ಅಂಟಿಸಿದರೆ ದಿನಾ ಕಣ್ಣಿಗೆ ಬೀಳುತ್ತದೆ.

ಅಂಗಡಿಕಾರರಿಗೆ ಇನ್ನೊಂದು ಸೂಚನೆ. ಅಂಗಡಿ ಮತ್ತು ಸ್ಟಾಕಿಗೆ ಇರುವ ವಿಮೆಯೂ ವರ್ಷದ್ದೇ. 2021ರ ಏಪ್ರಿಲ್‌ನಿಂದ 5 ಕೋಟಿವರೆಗಿನ ಆಸ್ತಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪ್ರಮಾಣಿತ ಪಾಲಿಸಿ ಬಂದಿದೆ, ನೆರೆಯೂ ಅದರಲ್ಲಿ ಸೇರಿದೆ. ಸಾಲ ಇರುವ ಅಂಗಡಿಗೆ ‘ಬ್ಯಾಂಕಿನವರ ಮಾಡಸ್ತಾರ’ ಎಂದು ಸುಮ್ಮನಿರಬಾರದು. ಈ ವರ್ಷ ಮಾಡಿಸಿದ್ದಾರೆಯೇ, ಎಷ್ಟು ಮೊತ್ತಕ್ಕೆ, ಯಾವ ವಿಳಾಸಕ್ಕೆ ಎಂದು ಪ್ರತಿ ಕೇಳಿ ಪಡೆಯಬೇಕು. ಅಂಗಡಿ ಸ್ಥಳ ಬದಲಿಸಿದವರ ಪಾಲಿಸಿಯಲ್ಲಿ ಹಳೆಯ ವಿಳಾಸ ಉಳಿದಿದ್ದರೆ ನೆರೆ ಬಂದಾಗ ಅದು ದೊಡ್ಡ ತಕರಾರು.

ಹೊಸ ಪಾಲಿಸಿ ಕೈಗೆ ಬಂದ ಮೇಲೆ ಅದು ಅಸಲಿಯೋ ಎಂದು ನೋಡುವುದು ಒಂದು ನಿಮಿಷದ ಕೆಲಸ. ಅದರ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬಹುದು, ಇಲ್ಲವೆ ಕಂಪನಿಗೆ ಫೋನ್ ಮಾಡಿ ಪಾಲಿಸಿ ನಂಬರ್ ಕೊಟ್ಟು ಕೇಳಬಹುದು. ಕೆಲವು ದಿನದಲ್ಲಿ ಎಂ-ಪರಿವಾಹನ್‌ನಲ್ಲೂ ಹೊಸ ತಾರೀಖು ಕಾಣಬೇಕು. ಗಾಡಿ ನಂಬರ್, ಎಂಜಿನ್ ನಂಬರ್, ಛಾಸಿ ನಂಬರ್ ಆರ್‌ಸಿ ಜೊತೆ ತಾಳೆ ನೋಡ್ರಿ. ಒಂದು ಅಂಕಿ ತಪ್ಪಿದರೂ ಅವತ್ತೇ ತಿದ್ದಿಸಬೇಕು.

ಸಮಯಕ್ಕೆ ಹಣ ಕಟ್ಟಿಯೂ ಕಂಪನಿ ಕ್ಲೇಮ್ ತಳ್ಳಿಹಾಕಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255, ಆನ್‌ಲೈನ್ ದೂರಿಗೆ ಬಿಮಾ ಭರೋಸಾ ಪೋರ್ಟಲ್ ಇದೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹಣ ಕಟ್ಟಿದ ರಸೀದಿ, ವೇಳೆ ಕಾಣುವ ಪಾಲಿಸಿ ಪ್ರತಿ, ಕಂಪನಿ ಜೊತೆಗಿನ ಪತ್ರ ಇಷ್ಟು ಇದ್ದರೆ ಸಾಕು.